ಹದಿನಾಲ್ಕನೇ ಪುಟದ ಕಪ್ಪು

ವಾರ್ನಾ
6 ಫೆಬ್ರವರಿ 1996

ಮಾನ್ಯ ಎಂಜಿನಿಯರ್ ಸ್ಪಾಸ್ ಕೆಹಾಯೊವ್ ಅವರಿಗೆ,

ನಾವು ಮೂವರು ಸೇರಿ 'ಉಪ್ಪು' ಎಂಬ ಮಾಸಪತ್ರಿಕೆ ಆರಂಭಿಸುತ್ತಿದ್ದೇವೆ. ಮೂವತ್ತೆರಡು ಪುಟ, ನಾಲ್ಕು ಬಣ್ಣ, ಮೂರು ಸಾವಿರ ಪ್ರತಿ. ಅಂಗಡಿಗಳಿಂದ ಹಫ್ತಾ ವಸೂಲಿಗಿಳಿದ ಕುಸ್ತಿಯವರ ಬಗ್ಗೆ ಬರೆಯುತ್ತೇವೆ ಎಂದು ತಿಳಿದೊಡನೆ ವಾರ್ನಾದ ಮುದ್ರಣಾಲಯಗಳೆಲ್ಲ ಕೈಯೆತ್ತಿದವು. ಒಬ್ಬರು ಮಾತ್ರ ಬಾಯಿಬಿಟ್ಟು ಹೇಳಿದರು: "ನೋಡಮ್ಮಾ, ನಿನ್ನ ಧೈರ್ಯ ನಿನಗಿರಲಿ. ನನ್ನ ಕಿಟಕಿ ಗಾಜು ನನಗೆ ಬೇಕು." ಅವರ ಗಾಜಿನ ಮೇಲೆ ನೀಲಿ ಗುರಾಣಿಯ ಸ್ಟಿಕರ್ ಇತ್ತು. ಅಂದರೆ 'ವಿಮೆ' ಆಗಿದೆ. ಸ್ಟಿಕರ್ ಇಲ್ಲದ ಅಂಗಡಿಗೆ ಏನಾಗುತ್ತದೆ ಎಂಬುದನ್ನು ರೂಸೆಯಲ್ಲಿ ನೀವೂ ನೋಡಿರುತ್ತೀರಿ.

ನಿಮ್ಮ ಮುದ್ರಣಾಲಯ ಒಪ್ಪುವುದಾದರೆ ಮಾರ್ಚ್ ಮಧ್ಯಕ್ಕೆ ಡಿಸ್ಕುಗಳನ್ನು ಕಳಿಸುತ್ತೇವೆ. ನಮ್ಮ ವಿನ್ಯಾಸಕಾರರು ಹೊಸಬರು. ಅಚ್ಚಿಗೆ ಸಂಬಂಧಪಟ್ಟ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಿದರೆ ಉಪಕಾರವಾಗುತ್ತದೆ.

ಷರತ್ತು ಒಂದೇ. ನಾವು ಕಳಿಸಿದ್ದು ಕಳಿಸಿದ ಹಾಗೆ ಅಚ್ಚಾಗಬೇಕು. ಒಂದು ಅಲ್ಪವಿರಾಮವನ್ನೂ ಮುಟ್ಟಬಾರದು, ಒಂದು ಸಲಹೆಯೂ ಬೇಡ. ಕಾರಣ ನಿಮಗೆ ಗೊತ್ತಿದೆ.

ಯಾನಿತ್ಸಾ ಕೆಹಾಯೊವಾ
ಸಂಪಾದಕಿ


ರೂಸೆ
13 ಫೆಬ್ರವರಿ 1996

ಸಂಪಾದಕಿ ಯಾನಿತ್ಸಾ ಕೆಹಾಯೊವಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಕೆಲಸ ಒಪ್ಪಿದ್ದೇವೆ. ನಮ್ಮ ಕಿಟಕಿಗಳಿಗೆ ಕಬ್ಬಿಣದ ಸರಳುಗಳಿವೆ, ಸ್ಟಿಕರ್ ಇಲ್ಲ.

ವಿನ್ಯಾಸಕಾರರು ತಿಳಿದಿರಬೇಕಾದದ್ದು ಹೆಚ್ಚೇನಿಲ್ಲ. ಪುಟಗಳ ಸಂಖ್ಯೆ ಹದಿನಾರರ ಅಪವರ್ತ್ಯವಾಗಿರಲಿ. ಪುಟದ ಅಂಚಿಗೆ ತಾಗುವ ಚಿತ್ರವು ಅಂಚಿನಾಚೆಗೆ ಮೂರು ಮಿಲಿಮೀಟರ್ ಚಾಚಿರಬೇಕು, ಏಕೆಂದರೆ ಹಾಳೆಯನ್ನು ಕೊನೆಯಲ್ಲಿ ಕತ್ತರಿಸಲಾಗುತ್ತದೆ ಮತ್ತು ಕತ್ತಿಗೆ ನಿಮ್ಮ ಉದ್ದೇಶ ತಿಳಿಯದು.

ಕಪ್ಪಿನ ಬಗ್ಗೆ ವಿಶೇಷ ಎಚ್ಚರ ಬೇಕು. ಬಣ್ಣದ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಇಡುವಾಗ ಎರಡು ಮಾರ್ಗಗಳಿವೆ. ಅಕ್ಷರದ ಆಕಾರದಷ್ಟು ಕೆಳಗಿನ ಬಣ್ಣಗಳನ್ನು ಕೊರೆದು ತೆಗೆದು, ಆ ಕುಳಿಯಲ್ಲಿ ಕಪ್ಪನ್ನು ಕೂರಿಸುವುದು ಒಂದು. ಕೆಳಗಿನ ಬಣ್ಣವನ್ನು ಹಾಗೆಯೇ ಬಿಟ್ಟು ಅದರ ಮೇಲೆ ಕಪ್ಪನ್ನು ಅಚ್ಚೊತ್ತುವುದು ಇನ್ನೊಂದು. ಯಂತ್ರದಲ್ಲಿ ಹಾಳೆ ಕೂದಲೆಳೆಯಷ್ಟು ಸರಿದರೂ ಮೊದಲ ಮಾರ್ಗದಲ್ಲಿ ಅಕ್ಷರದ ಸುತ್ತ ಬಿಳಿಗೆರೆ ಕಾಣುತ್ತದೆ. ಆದ್ದರಿಂದ ಕಪ್ಪು ಯಾವಾಗಲೂ ಮೇಲೆ ಬೀಳಲಿ.

ನಿಮ್ಮ ಷರತ್ತು ಒಪ್ಪಿಗೆ. ಬೀದಿಯಲ್ಲಿ ಅಂಟಿಸಲೆಂದು ನೀನು ಬರೆದ ನಿನ್ನ ತಾಯಿಯ ಮರಣಪತ್ರವನ್ನು ಅಚ್ಚು ಮಾಡುವಾಗ ನಾನು ಒಂದು ಪದ ತೆಗೆದದ್ದು, ಅದು ಎರಡು ಸಲ ಬಂದಿತ್ತು ಎಂಬ ಕಾರಣಕ್ಕೆ. ಎರಡು ಸಲ ಬೇಕಾಗಿತ್ತು ಎಂಬುದು ನನಗೆ ತಿಳಿಯಲು ಸಮಯ ಹಿಡಿಯಿತು.

ಸ್ಪಾಸ್ ಕೆಹಾಯೊವ್


ವಾರ್ನಾ
10 ಮಾರ್ಚ್ 1996

ಅಪ್ಪ,

ಈ ಪದ ಬರೆಯಲು ಮೂರು ಹಾಳೆ ಹಾಳಾದವು. ಇನ್ನು ಹಾಳು ಮಾಡುವುದಿಲ್ಲ.

ಹೌದು, 'ತುಂಬಾ, ತುಂಬಾ' ಎಂದು ಬರೆದಿದ್ದೆ. ಅಮ್ಮನ ಮರಣಪತ್ರ ನಮ್ಮ ಬಾಗಿಲಿನ ಮೇಲೆ, ಬೀದಿಯ ಲಿಂಡನ್ ಮರಗಳ ಮೇಲೆ ಅಂಟಿದ್ದನ್ನು ಓದುತ್ತ ನಡೆದೆ. ಪ್ರತಿ ಮರದ ಮೇಲೂ ಒಂದೇ 'ತುಂಬಾ'. ನಲವತ್ತನೆಯ ದಿನದ ಕಾರ್ಯ ಮುಗಿಸಿಕೊಂಡು ಮನೆ ಬಿಟ್ಟೆ. ಆ ವಿಷಯ ಇಲ್ಲಿಗೆ ಸಾಕು.

ನಮ್ಮ ಕಚೇರಿ ಎಂದರೆ ಮೂರನೇ ಮಹಡಿಯ ಒಂದು ಕೋಣೆ. ಒಗ್ನ್ಯಾನ್ ಪುಟ ಕಟ್ಟುತ್ತಾನೆ. ಇಪ್ಪತ್ತು ವರ್ಷ, ಮೊನ್ನೆ ಮೊನ್ನೆಯ ತನಕ ಡಿಸ್ಕೋಗಳಿಗೆ ಪೋಸ್ಟರ್ ಬರೆಯುತ್ತಿದ್ದವನು. ನೆವ್ಯಾನಾ ಚಿತ್ರ ತೆಗೆಯುತ್ತಾಳೆ. ನಿನ್ನ ನಿಯಮಗಳನ್ನು ಓದಿದ ದಿನ ಇಲ್ಲಿ ಯುದ್ಧವೇ ಆಯಿತು. ಆಗ ನಮ್ಮ ಕೈಯಲ್ಲಿದ್ದದ್ದು ಇಪ್ಪತ್ತಾರು ಪುಟ, ಎಲ್ಲ ಶೀರ್ಷಿಕೆಗಳೂ ಅಂಚಿಗೆ ಅಂಟಿಕೊಂಡು.

"ಪುಟಾನ ಕತ್ತರಿಸ್ತಾರೆ ಅಂತ ನಂಗ್ಯಾರು ಹೇಳಿದ್ರು? ಪೋಸ್ಟರ್ ಯಾರು ಕತ್ತರಿಸ್ತಾರೆ? ಗೋಡೆಗೆ ಮೆತ್ತೋದು, ಮುಗೀತು!" ಎಂದು ಒಗ್ನ್ಯಾನ್.

"ಪೋಸ್ಟರ್ ಕತ್ತರಿಸಲ್ಲ ಕಣೋ, ಅದರ ಮೇಲೆ ಇನ್ನೊಂದು ಮೆತ್ತುತಾರೆ. ನಿನ್ನ ಗತೀನೂ ಅದೇ," ಎಂದಳು ನೆವ್ಯಾನಾ.

ಅವನು ಕುಂಚ ತೆಗೆದು ಗೋಡೆಯ ಮೇಲೆ ಮೊಳದುದ್ದ ಅಕ್ಷರಗಳಲ್ಲಿ ಬರೆದ: "ಕಪ್ಪು ಯಾವಾಗಲೂ ಮೇಲೆ." ಕೆಳಗೆ "ಎಂಜಿನಿಯರರ ಅಪ್ಪಣೆ" ಎಂದು ಸೇರಿಸಿದ. ಈಗ ಎಲ್ಲವನ್ನೂ ಹಾಗೇ ಮಾಡುತ್ತಾನೆ.

ನಕ್ಕದ್ದು ಅಷ್ಟೇ. ಗುರುವಾರ ಮಧ್ಯಾಹ್ನ ನಮ್ಮ ಕೆಳಗಿನ ಕಾಫಿ ಅಂಗಡಿಗೆ ಕುಸ್ತಿಯವರು ಬಂದರು. ಅಂಗಡಿ ತ್ಸೆನಾ ಅತ್ತೆಯದು. ಸ್ಟಿಕರ್ ಬೇಡ ಎಂದು ಎರಡು ಸಲ ಹೇಳಿ ಕಳಿಸಿದ್ದಳು. "ನನ್ನ ಗಾಜಿಗೆ ನನ್ನ ಬೆರಳ ಗುರುತು ಸಾಕು" ಎಂದಿದ್ದಳಂತೆ. ನಾಲ್ವರು ದೊಣ್ಣೆಗಳಿಂದ ಮೊದಲು ಗಾಜು, ಆಮೇಲೆ ಮೇಜು, ಆಮೇಲೆ ಕಾಫಿ ಯಂತ್ರ ಒಡೆದರು. ಯಂತ್ರದ ಹಿಂದೆ ಅಡಗಿದ್ದವಳನ್ನು ಜಡೆ ಹಿಡಿದು ಎಳೆದು ತಂದು, ನೆಲಕ್ಕೆ ಪೆಟ್ರೋಲ್ ಸುರಿದು, ಕಡ್ಡಿ ಗೀರಿದರು. ಅವಳನ್ನು ಹೊರಗೆಳೆದದ್ದು ನಾವು. ಜಡೆ ಉರಿಯುತ್ತಿತ್ತು. ಒಗ್ನ್ಯಾನ್ ಬರಿಗೈಯಲ್ಲಿ ಅದನ್ನು ಆರಿಸಿದ. ಎದುರಿನ ಬಸ್ ನಿಲ್ದಾಣದಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು. ಎಲ್ಲರೂ ಬಸ್ ಬರುವ ದಿಕ್ಕಿಗೇ ನೋಡುತ್ತಿದ್ದರು.

ಮಾರನೆಯ ದಿನ ಒಬ್ಬರು ಮೂರು ಮಹಡಿ ಹತ್ತಿ ಬಂದರು. ಉಸ್ತಾದ್ ರಂಗೆಲ್. ಬಂದರಿನ ಹಿಂದಿನ ಗರಡಿಯಲ್ಲಿ ಮೂವತ್ತು ವರ್ಷ ಹುಡುಗರಿಗೆ ಕುಸ್ತಿ ಕಲಿಸಿದವರು. ಬೆಂಕಿ ಹಚ್ಚಿದ ನಾಲ್ವರಲ್ಲಿ ಮೂವರು ಅವರ ಶಿಷ್ಯರು.

"ಬರ್ಕೋಳಮ್ಮಾ," ಎಂದರು. "ಕುತ್ತಿಗೆ ಹೇಗೆ ತಿರುಗಿಸ್ಬೇಕು ಅಂತ ಇವರಿಗೆ ಕಲಿಸಿದ್ದು ನಾನೇ. ಚಾಪೆ ಮೇಲೆ ತಿರುಗಿಸೋಕೆ ಕಲಿಸಿದ್ದೆ, ಹೆಂಗಸರ ಅಂಗಡೀಲಲ್ಲ. ಯಾರು ಹೇಳ್ತಾರೆ, ಯಾರು ಹೊಡೀತಾರೆ, ಎಲ್ಲಾ ಹೇಳ್ತೀನಿ. ನನ್ನ ಹೆಸರು ಬೇಡ, ಮುಖ ಬೇಡ. ಮನೇಲಿ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ಅವಳ ಬಾಯಿಗೆ ನೀರು ಬಿಡೋಕೆ ನಾನೊಬ್ನೇ."

ಚಿತ್ರವೇ ಬೇಡ ಎಂದಳು ನೆವ್ಯಾನಾ. ಬೇಕೆಂದವಳು ನಾನು. ಮನುಷ್ಯನ ಆಕಾರ ಕಾಣದ ಮಾತನ್ನು ಈ ಊರು ನಂಬುವುದಿಲ್ಲ. ಯಾರದೋ ಕೋಟು ತೊಡಿಸಿ, ಬಿಳಿ ಗೋಡೆಯ ಮುಂದೆ ನಿಲ್ಲಿಸಿ ತೆಗೆದೆವು. ತಲೆಯಿಂದ ಕುತ್ತಿಗೆಯವರೆಗೆ ಒಗ್ನ್ಯಾನ್ ದೊಡ್ಡ ಕಪ್ಪು ಚೌಕ ಕೂರಿಸಿದ್ದಾನೆ. ಪರದೆಯ ಮೇಲೆ ನೋಡಿದರೆ ಬಾವಿಯಷ್ಟು ಕಪ್ಪು. ಹದಿನಾಲ್ಕನೇ ಪುಟ. ಈ ಮುಖವನ್ನು ಯಾರೂ ನೋಡಬಾರದು ಅಪ್ಪ.

ಡಿಸ್ಕುಗಳನ್ನು ಗುರುವಾರದ ರೈಲಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತೇನೆ. ನಿಲ್ದಾಣಕ್ಕೆ ಹೋಗಿ ತೆಗೆದುಕೋ.

ಯಾನಾ


ರೂಸೆ
18 ಮಾರ್ಚ್ 1996

ಪ್ರಿಯ ಯಾನಾ,

ಡಿಸ್ಕುಗಳು ತಲುಪಿದವು. ಮೂವತ್ತೆರಡು ಪುಟಗಳೂ ಸರಿಯಾಗಿ ತೆರೆದುಕೊಂಡವು. ಪ್ರತಿ ಪುಟಕ್ಕೂ ಬಣ್ಣಕ್ಕೊಂದರಂತೆ ನಾಲ್ಕು ಪಾರದರ್ಶಕ ಫಿಲ್ಮ್‌ಗಳನ್ನು ತೆಗೆದು ಬೆಳಕಿನ ಮೇಜಿನ ಮೇಲೆ ಪರಿಶೀಲಿಸಿ ಅಚ್ಚಿನ ಪ್ಲೇಟಿಗೆ ಕಳಿಸಿದ್ದೇನೆ. ಅಂಚುಗಳು ಸರಿಯಾಗಿವೆ, ಒಗ್ನ್ಯಾನ್ ಎಂಬ ಯುವಕನಿಗೆ ನನ್ನ ಮೆಚ್ಚುಗೆ ತಿಳಿಸು. ಕೈ ಸುಟ್ಟಿದ್ದರೆ ಗುಳ್ಳೆಗಳನ್ನು ಒಡೆಯಬಾರದೆಂದೂ ತಿಳಿಸು.

ನೀನು ಹೇಳಿದಂತೆ ಏನನ್ನೂ ಮುಟ್ಟಿಲ್ಲ.

ಮನೆಯ ಬಾಗಿಲಿನ ಬೀಗ ಬದಲಾಯಿಸಿಲ್ಲ. ನಿನ್ನ ಬಳಿ ಇರುವ ಕೀಲಿ ಈಗಲೂ ನಡೆಯುತ್ತದೆ.

ಅಪ್ಪ


ವಾರ್ನಾ
3 ಏಪ್ರಿಲ್ 1996

ಅಪ್ಪ!

ಮೂರು ದಿನಕ್ಕೆ ಎರಡು ಸಾವಿರ ಪ್ರತಿ ಹೋದವು! ಬಂದರಿನ ಕೂಲಿಗಳು ಓದುತ್ತಿದ್ದಾರೆ, ಟ್ರಾಲಿಬಸ್ಸಿನಲ್ಲಿ ಓದುತ್ತಿದ್ದಾರೆ. ತ್ಸೆನಾ ಅತ್ತೆ ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ನರ್ಸ್‌ಗಳಿಗೆ ಗಟ್ಟಿಯಾಗಿ ಓದಿ ಹೇಳಿದಳಂತೆ. ಒಗ್ನ್ಯಾನ್ ಒಂದು ಪ್ರತಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾನೆ. "ಹೊಸದಾಗಿ ಮದುವೆ ಆದೋರು ಹೀಗೇ ಅಂಟ್ಕೊಂಡು ಮಲಗ್ತಾರಂತೆ, ಕೇಳಿದೀನಿ" ಎನ್ನುತ್ತಾನೆ.

ಉಸ್ತಾದರು ಗರಡಿಯ ಬಾಗಿಲಲ್ಲಿ ನಮ್ಮನ್ನು ನೋಡಿ, ಗುರುತೇ ಇಲ್ಲದವರಂತೆ ಉಗುಳಿ ಒಳಗೆ ಹೋದರು. ಆಮೇಲೆ ಒಬ್ಬ ಹುಡುಗನ ಕೈಯಲ್ಲಿ ಒಂದು ಜಾಡಿ ಜೇನು ಕಳಿಸಿದರು.

ಈಸ್ಟರಿಗೆ ಬರಲೇ? ಕೇಳುತ್ತಿದ್ದೇನೆ, ಅಷ್ಟೇ.

ಯಾನಾ


ವಾರ್ನಾ
12 ಏಪ್ರಿಲ್ 1996

ಅಪ್ಪ,

ಈಸ್ಟರಿಗೆ ಬರಲಾಗುವುದಿಲ್ಲ.

ಮೊನ್ನೆ ಬೆಳಗ್ಗೆ ಎಂಟಕ್ಕೆ ಉಸ್ತಾದ್ ರಂಗೆಲ್ ಗರಡಿಯ ಬೀಗ ತೆಗೆಯುತ್ತಿದ್ದಾಗ ಮೂವರು ಬಂದರು. ಹೊಡೆತ ಹದಿನೈದು ನಿಮಿಷ ನಡೆಯಿತಂತೆ. ದೊಣ್ಣೆ ಬಳಸಲಿಲ್ಲ. ಉಸ್ತಾದರು ತಮಗೆ ಕಲಿಸಿದ್ದ ಪಟ್ಟುಗಳನ್ನೇ ಒಂದೊಂದಾಗಿ ಅವರ ಮೇಲೆ ಹಾಕಿದರು. ಪ್ರತಿ ಪಟ್ಟಿಗೂ ಮೊದಲು ಅದರ ಹೆಸರು ಹೇಳುತ್ತಿದ್ದರು, ಪಾಠ ಒಪ್ಪಿಸುವ ಹಾಗೆ. ಎದುರುಮನೆಯ ರೊಟ್ಟಿ ಮಾರುವ ಹೆಂಗಸು ಬಾಲ್ಕನಿಯಿಂದ ಎಲ್ಲ ಕೇಳಿಸಿಕೊಂಡಿದ್ದಾಳೆ. ಎರಡೂ ಭುಜ ಕಳಚಿವೆ, ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿದೆ, ತಲೆಯೊಳಗೆ ರಕ್ತ. ಪ್ರಜ್ಞೆ ಇಲ್ಲ.

ಮಾತಾಡಿದ್ದು ಉಸ್ತಾದರೆಂದು ಅವರಿಗೆ ಹೇಗೆ ಗೊತ್ತಾಯಿತೆಂದು ನಮಗೆ ತಿಳಿಯಲಿಲ್ಲ. ನಾವು ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಕ್ಷಣ ನನಗೆ ನೆವ್ಯಾನಾಳ ಮೇಲೆ ಅನುಮಾನ ಬಂತು. ಅವಳಿಗೆ ನನ್ನ ಮೇಲೆ.

ನಿನ್ನೆ ಮಧ್ಯಾಹ್ನ ಹೊಡೆದವರೇ ಬಂದು ತಿಳಿಸಿದರು. ದಿಯಾನ್ ಎಂಬವನು, 'ಇಕ್ಕಳ' ಎಂದು ಅಡ್ಡಹೆಸರು. ಜೊತೆಗೆ ಇಬ್ಬರು. ಬಾಗಿಲು ತಟ್ಟಿಯೇ ಒಳಗೆ ಬಂದ.

"ಹೆದರ್ಬೇಡ್ರೋ ಮಕ್ಕಳಾ, ಓದೋಕೆ ಬಂದಿದೀವಿ," ಎಂದ. ನಮ್ಮ ಪತ್ರಿಕೆ ಸುರುಳಿ ಸುತ್ತಿ ಕೈಯಲ್ಲಿ ಹಿಡಿದಿದ್ದ. "ಚೆನ್ನಾಗಿ ಮಾಡಿದೀರಿ. ಕಾಗದ ಚೆನ್ನಾಗಿದೆ. ಈ ಕಪ್ಪು ಚೌಕ ಯಾರ ಕೈಕೆಲಸ?"

ಒಗ್ನ್ಯಾನ್ "ನಂದು" ಎಂದ. ಅವನ ದನಿಯಲ್ಲಿ ಹೆಮ್ಮೆ ಇತ್ತು ಅಪ್ಪ. ಅಷ್ಟು ಎಳೆಯವನು.

"ಬಾ ಇಲ್ಲಿ ಕಲಾಕಾರ. ಕಿಟಕಿ ಹತ್ರ ಬಾ. ಹಿಡ್ಕೋ. ನೇರ ಅಲ್ಲ, ಓರೆ ಹಿಡಿ. ಇನ್ನೂ ಸ್ವಲ್ಪ. ಹಾಂ. ಈಗ ಯಾರು ಕಾಣ್ತಾರೆ?"

ನಾನೂ ನೋಡಿದೆ. ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಆ ಕಪ್ಪಿನೊಳಗೆ ಇನ್ನೂ ಕಡುಕಪ್ಪಾಗಿ ಹುಬ್ಬು, ಮೂಗು, ಮುರಿದ ಕಿವಿ. ನೀರಿನಡಿಯಿಂದ ನೋಡುವವರ ಹಾಗೆ ಉಸ್ತಾದರು.

"ಹನ್ನೊಂದು ವರ್ಷ ಆ ಮುಖ ನನ್ನ ಮುಖದ ಮೇಲೇ ಇತ್ತು ಕಣೋ, ಚಾಪೆ ಮೇಲೆ," ಎಂದ ದಿಯಾನ್. "ನೀನು ಅದರ ಮೇಲೆ ಮಸಿ ಬಳಿದ್ರೆ ನಾನು ಮರೀತೀನಾ?"

ಆಮೇಲೆ ಒಗ್ನ್ಯಾನನ ಬಲಗೈಯನ್ನು ಉಕ್ಕಿನ ಕಪಾಟಿನ ಸಂದಿಯಲ್ಲಿಟ್ಟು ಭುಜದಿಂದ ಬಾಗಿಲು ಒತ್ತಿದ. ಒಂದು ಸಲ ಅಲ್ಲ. ಮೂರು ಬೆರಳು. ಇನ್ನಿಬ್ಬರು ಕಂಪ್ಯೂಟರ್‌ಗಳನ್ನು ಕಿಟಕಿಯಿಂದ ಕೆಳಗೆಸೆದರು. ಹೋಗುವಾಗ ಬಾಗಿಲು ಮೆಲ್ಲಗೆ ಮುಚ್ಚಿಕೊಂಡು ಹೋದರು.

ಕಪ್ಪು ಹೇಗೆ ಪಾರದರ್ಶಕವಾಗುತ್ತದೆ ಅಪ್ಪ? ನೀನು ಎಂಜಿನಿಯರ್. ಹೇಳು.

ಯಾನಾ


ರೂಸೆ
16 ಏಪ್ರಿಲ್ 1996

ಪ್ರಿಯ ಯಾನಾ,

ಕೇಳಿದ್ದಕ್ಕೆ ಉತ್ತರ.

ಮುದ್ರಣದ ಕಪ್ಪು ಮಸಿಯು ಗೋಡೆಗೆ ಬಳಿಯುವ ಬಣ್ಣದಂತೆ ಎಲ್ಲವನ್ನೂ ಮುಚ್ಚುವುದಿಲ್ಲ. ಅದು ತೆಳುವಾದ ಪೊರೆ. ಚೌಕದ ಕೆಳಗಿನ ಚಿತ್ರವನ್ನು ಕೊರೆದು ತೆಗೆದಿದ್ದರೆ ಅಲ್ಲಿ ಬರಿಯ ಕಾಗದದ ಮೇಲೆ ಕಪ್ಪು ಬೀಳುತ್ತಿತ್ತು. ಇಲ್ಲಿ ಕಪ್ಪನ್ನು ಚಿತ್ರದ ಮೇಲೆ ಬೀಳುವಂತೆ ಇಡಲಾಗಿತ್ತು. ಆದ್ದರಿಂದ ಮುಖವು ನೀಲಿ, ಕೆಂಪು, ಹಳದಿಗಳಲ್ಲಿ ಪೂರ್ಣವಾಗಿ ಅಚ್ಚಾಗಿ, ಅದರ ಮೇಲೆ ಕಪ್ಪು ಬಂದಿದೆ. ಮುಖವಿದ್ದಲ್ಲಿ ಮಸಿ ಹೆಚ್ಚು ದಪ್ಪ. ಓರೆ ಬೆಳಕು ಆ ವ್ಯತ್ಯಾಸವನ್ನು ತೋರಿಸುತ್ತದೆ. ಕಂಪ್ಯೂಟರಿನ ಪರದೆ ಇದನ್ನು ತೋರಿಸುವುದಿಲ್ಲ. ಅನುಭವವಿಲ್ಲದವನು ಇದನ್ನು ಊಹಿಸಲಾರ.

ನಾನು ಬರೆದ ನಿಯಮ ಅಕ್ಷರಗಳಿಗೆ ಸಂಬಂಧಿಸಿದ್ದು. 'ಯಾವಾಗಲೂ' ಎಂದು ಬರೆದೆ. ಹಾಗೆ ಬರೆಯಬಾರದಿತ್ತು. ಒಗ್ನ್ಯಾನ್ ಹೇಳಿದ್ದನ್ನು ಮಾಡಿದ್ದಾನೆ, ಅವನ ತಪ್ಪಿಲ್ಲ.

ಅವನ ಬೆರಳುಗಳಿಗೆ ಸೋಫಿಯಾದಲ್ಲಿ ನನಗೆ ಪರಿಚಯದ ಶಸ್ತ್ರವೈದ್ಯರಿದ್ದಾರೆ. ವಿಳಾಸ ಲಗತ್ತಿಸಿದೆ. ನೀವು ಮೂವರೂ ಇಲ್ಲಿಗೆ ಬಂದು ಇರಬಹುದು.

ಅಪ್ಪ


ವಾರ್ನಾ
8 ಮೇ 1996

ಅಪ್ಪ,

ಉಸ್ತಾದ್ ರಂಗೆಲ್ ಭಾನುವಾರ ತೀರಿಕೊಂಡರು. ಒಂದು ಸಲವೂ ಕಣ್ಣು ಬಿಡಲಿಲ್ಲ. ಅವರ ಹೆಂಡತಿಗೆ ಹೇಳಿದವಳು ನಾನು. ಅವಳು ತಾನಾಗಿ ಎದ್ದು ಕೂರಲಾರಳು. ಮಲಗಿದ್ದಲ್ಲಿಂದಲೇ ನನ್ನ ಕೆನ್ನೆಗೆ ಹೊಡೆದಳು. ಇನ್ನೊಂದು ಸಲ ಹೊಡೆಯಲೆಂದು ಹತ್ತಿರ ಬಾಗಿದೆ. ಅವಳ ಕೈ ಏಳಲಿಲ್ಲ.

ರೊಟ್ಟಿಯ ಹೆಂಗಸು ಆ ಮೂವರು ಬಂದ ಕಾರನ್ನು ಗುರುತಿಸಿದ್ದಾಳೆ. ದಿಯಾನ್‌ನನ್ನು ಹಿಡಿದಿದ್ದಾರೆ. ಅವನ ವಕೀಲ ಹೇಳುವುದಿಷ್ಟು: ದಿಯಾನ್‌ಗೆ ಉಸ್ತಾದರೆಂದರೆ ತಂದೆ ಸಮಾನ, ಪತ್ರಿಕೆಯಲ್ಲಿ ಮಾತಾಡಿದ್ದು ಯಾರೆಂದು ಅವನಿಗೆ ಗೊತ್ತೇ ಇಲ್ಲ, ಅಲ್ಲಿರುವುದು ಬರೀ ಕಪ್ಪು, ಗೊತ್ತಿಲ್ಲದ ಮೇಲೆ ಕೊಲ್ಲಲು ಕಾರಣವೇನು? ನಮ್ಮ ಪ್ರತಿಯೊಂದನ್ನು ತನಿಖಾಧಿಕಾರಿಯ ಮುಂದಿಟ್ಟೆ. ಅವರ ಕೋಣೆಯಲ್ಲಿ ಟ್ಯೂಬ್‌ಲೈಟು. ಆ ಕಡೆ ಈ ಕಡೆ ತಿರುಗಿಸಿ, "ನನಗೇನೂ ಕಾಣ್ತಿಲ್ವಲ್ಲಮ್ಮ" ಎಂದರು.

ಒಗ್ನ್ಯಾನ್‌ಗೆ ನಾನು ಕೆಟ್ಟ ಮಾತು ಆಡಿದೆ. ಶವಪೆಟ್ಟಿಗೆಯ ಪಕ್ಕದಲ್ಲೇ ಆಡಿದೆ. "ಕೊಂದದ್ದು ದಿಯಾನ್ ಅಲ್ಲ, ನೀನು" ಎಂದೆ. ಅವನು ಕಟ್ಟು ಹಾಕಿದ ಕೈಯನ್ನು ಕೋಟಿನೊಳಗೆ ಇಟ್ಟುಕೊಂಡು ಹೊರಟುಹೋದ. ನೀನು ಅವನನ್ನು ವಹಿಸಿಕೊಂಡು ಬರೆದದ್ದು ನಿನ್ನ ದೊಡ್ಡತನ. ಆದರೆ ಅವನು ಯಾರನ್ನೂ ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ. ಆ ತಪ್ಪು ನಿನ್ನ ಕಣ್ಣಿಗೆ ಬಿದ್ದಿದ್ದರೆ ನೀನು ಸುಮ್ಮನಿರುತ್ತಿದ್ದೆಯಾ? ಸತ್ತ ಹೆಂಡತಿಯ ಪತ್ರದಲ್ಲೇ ಒಂದು ಪದ ಹೆಚ್ಚು ಬಿಡದವನು ನೀನು. ನಾಲ್ಕು ವರ್ಷ ಅದಕ್ಕಾಗಿ ನಿನ್ನನ್ನು ದ್ವೇಷಿಸಿದೆ. ಈಗ ಅಂದುಕೊಳ್ಳುತ್ತೇನೆ, ನಾನು ಆ ಷರತ್ತು ಹಾಕದಿದ್ದರೆ, ನೀನು ಎಂದಿನಂತೆ ಪ್ರತಿಯೊಂದನ್ನೂ ಕೆದಕಿ ನೋಡಿದ್ದರೆ, ಉಸ್ತಾದರು ಬದುಕಿರುತ್ತಿದ್ದರು.

ಯಾನಾ


ವಾರ್ನಾ
25 ಆಗಸ್ಟ್ 1996

ಅಪ್ಪ,

ಮೂರು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ. ಮುದ್ರಣಾಲಯಕ್ಕೆ ಫೋನ್ ಮಾಡಿದರೆ "ಎಂಜಿನಿಯರ್ ರಜೆಯಲ್ಲಿದ್ದಾರೆ, ಹಣೆಗೆ ಪೆಟ್ಟಾಗಿದೆ" ಎಂದರು. ಯಾವ ಪೆಟ್ಟು?

ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರ್ ಹತ್ತೊಂಬತ್ತಕ್ಕೆ ನ್ಯಾಯಾಲಯದಲ್ಲಿ ವಿಚಾರಣೆ. ನೆವ್ಯಾನಾಳ ನೆಗೆಟಿವ್‌ಗಳನ್ನು ನಾವೇ ಸುಟ್ಟಿದ್ದೆವು, ಉಸ್ತಾದರ ಸುರಕ್ಷೆಗೆಂದು. ಕಂಪ್ಯೂಟರ್‌ಗಳು ಪುಡಿಯಾಗಿವೆ. ನೀನು ಹಿಂದಕ್ಕೆ ಕಳಿಸಿದ್ದ ಡಿಸ್ಕುಗಳೂ ಅವುಗಳ ಪಕ್ಕದಲ್ಲೇ ಇದ್ದವು. ಆ ಮುಖ ಕಾಗದದ ಮೇಲೆ ಬಂದಿತ್ತು ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬಲ್ಲದ್ದು ಭೂಮಿಯ ಮೇಲೆ ಒಂದೇ ಇದೆ: ನಿನ್ನ ಫಿಲ್ಮ್‌ಗಳು. ಇಲ್ಲವಾದರೆ ಅವನು ನಗುತ್ತ ಹೊರಗೆ ಬರುತ್ತಾನೆ, ರೊಟ್ಟಿಯ ಹೆಂಗಸಿನ ಬಾಲ್ಕನಿ ಎಲ್ಲಿದೆ ಎಂಬುದು ಅವನಿಗೆ ಗೊತ್ತು.

ಫಿಲ್ಮ್‌ಗಳನ್ನು ಇಟ್ಟಿದ್ದೀಯಾ? ನೀನು ಬಂದು ಹೇಳುತ್ತೀಯಾ? ಹೌದು ಅಥವಾ ಇಲ್ಲ, ಅಷ್ಟು ಬರೆ.

ಒಗ್ನ್ಯಾನ್ ಬಂದರಿನಲ್ಲಿ ಎಡಗೈಯಲ್ಲಿ ಮೂಟೆ ಎಳೆಯುತ್ತಾನೆ. ಎದುರಿಗೆ ಸಿಕ್ಕರೆ ರಸ್ತೆ ದಾಟಿ ಹೋಗುತ್ತಾನೆ.

ಯಾನಾ


ರೂಸೆ
9 ಸೆಪ್ಟೆಂಬರ್ 1996

ಪ್ರಿಯ ಯಾನಾ,

ಹೌದು, ಮತ್ತು ಹೌದು. ಹದಿನಾಲ್ಕನೇ ಪುಟದ ನಾಲ್ಕು ಫಿಲ್ಮ್‌ಗಳೂ ಇವೆ. ಚೆರ್ರಿ ಮುರಬ್ಬದ ಲೇಬಲ್ಲುಗಳ ಲಕೋಟೆಯಲ್ಲಿ ಇಟ್ಟಿದ್ದೆ. ಈಗ ತನಿಖಾಧಿಕಾರಿಯ ಮೊಹರಿನಡಿಯಲ್ಲಿವೆ. ನಾನೇ ಒಯ್ದು ಕೊಟ್ಟು ರಸೀದಿ ಪಡೆದಿದ್ದೇನೆ. ಹದಿನೆಂಟರ ಸಂಜೆಯ ರೈಲಿಗೆ ಬರುತ್ತೇನೆ.

ಪೆಟ್ಟಿನ ವಿಷಯ. ಜೂನ್ 27ರಂದು ಬೆಳಗ್ಗೆ ಹನ್ನೊಂದಕ್ಕೆ ಇಬ್ಬರು ಬಂದರು. ಬಹಳ ಮರ್ಯಾದೆಯಿಂದ ಮಾತನಾಡಿದರು. ಅವರ ಮಾತುಗಳನ್ನು ನೆನಪಿರುವಷ್ಟು ಹಾಗೆಯೇ ಬರೆಯುತ್ತೇನೆ.

"ಎಂಜಿನಿಯರ್ ಸಾಹೇಬ್ರೇ, ಹಳೇ ಫಿಲ್ಮ್ ಇಟ್ಕೊಂಡು ಏನ್ಮಾಡ್ತೀರಿ? ಸುಟ್ಟುಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಯಾವ ಫಿಲ್ಮ್ ಎಂದು ಕೇಳಿದೆ.

"ನಿಮಗೆ ಗೊತ್ತು ಯಾವುದು ಅಂತ. ಇಷ್ಟು ವರ್ಷದ ಎಂಜಿನಿಯರ್ ನೀವು, ಫಿಲ್ಮ್ ನೋಡ್ದೇ ಪ್ಲೇಟ್ ಮಾಡ್ತೀರಾ? ನೋಡಿರ್ತೀರಿ. ನೋಡಿ ಸುಮ್ನಿದ್ರಿ. ನಾವೂ ಸುಮ್ನಿರಿ ಅಂತ್ಲೇ ಹೇಳ್ತಿರೋದು. ಅಂದ್ಮೇಲೆ ನೀವು ನಮ್ಮೋರೇ ಆದ್ರಲ್ಲ! ಮಗಳಿಗೆ ಗೊತ್ತಾ ಇದು?"

 ಆಗ ಒಬ್ಬನು ನನ್ನ ತಲೆಯ ಹಿಂಭಾಗ ಹಿಡಿದು ಬೆಳಕಿನ ಮೇಜಿಗೆ ಬಡಿದ. ಗಾಜು ಎಂಟು ಮಿಲಿಮೀಟರ್ ದಪ್ಪದ್ದು. ಎರಡನೆಯ ಸಲಕ್ಕೆ ಒಡೆಯಿತು. ಮೂರನೆಯ ಸಲ ಒಳಗಿನ ದೀಪಗಳು ಒಡೆದವು. ಹಣೆಗೆ ಹತ್ತೊಂಬತ್ತು ಹೊಲಿಗೆ. ಎಡಗಣ್ಣಿನ ದೃಷ್ಟಿ ಅರ್ಧ ಉಳಿದಿದೆ. ನನ್ನ ಯಂತ್ರಚಾಲಕ ಸುತ್ತಿಗೆ ಹಿಡಿದು ಓಡಿಬಂದದ್ದರಿಂದ ಅವರು ಹೋದರು. ನಿನಗೆ ಬರೆಯದಿದ್ದದ್ದು ಪೆಟ್ಟಿನ ಕಾರಣಕ್ಕಲ್ಲ. ಅವರು ಕೇಳಿದ ಕೊನೆಯ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಹತ್ತೊಂಬತ್ತರಂದು ನನ್ನನ್ನು ಮೂರು ಪ್ರಶ್ನೆ ಕೇಳುತ್ತಾರೆಂದು ಸರಕಾರಿ ವಕೀಲರು ತಿಳಿಸಿದ್ದಾರೆ. ಈ ಫಿಲ್ಮ್‌ಗಳಿಂದ ಮುದ್ರಿಸಿದ ಕಾಗದದ ಮೇಲೆ ಮುಖ ಬರುತ್ತದೆಯೇ? ಬರುತ್ತದೆ. ಪರಿಚಿತನಾದವನು ಅದನ್ನು ಗುರುತಿಸಬಲ್ಲನೇ? ಬಲ್ಲ. ಮೂರನೆಯದು ದಿಯಾನ್‌ನ ವಕೀಲ ಕೇಳುವಂಥದ್ದು: ಅಷ್ಟು ಸ್ಪಷ್ಟವಾಗಿದ್ದರೆ ಎಂಜಿನಿಯರಾದ ನಿಮಗೇ ಏಕೆ ಕಾಣಲಿಲ್ಲ? ಕಾಣಲಿಲ್ಲ ಎಂದರೆ ಆರೋಪ ಬಿದ್ದುಹೋಗುತ್ತದೆ. ಆ ಉತ್ತರವನ್ನು ನೀನು ಪರರ ನಡುವೆ ಕೂತು ಮೊದಲ ಬಾರಿಗೆ ಕೇಳಬಾರದು. ಆದ್ದರಿಂದ ಇಲ್ಲಿ ಬರೆಯುತ್ತೇನೆ.

ನನಗೆ ಕಂಡಿತ್ತು.

ಮಾರ್ಚ್ 16, ಶನಿವಾರ, ಬೆಳಗ್ಗೆ ಹತ್ತೂಮುಕ್ಕಾಲು. ಕಪ್ಪಿನ ಫಿಲ್ಮ್ ಎತ್ತಿ ಪಕ್ಕಕ್ಕಿಟ್ಟೆ. ಉಳಿದ ಮೂರರಲ್ಲೂ ಆ ಮನುಷ್ಯ ಇದ್ದರು. ಕೆಳತುಟಿಯ ಬಳಿ ಒಂದು ಹಳೆಯ ಗಾಯದ ಗುರುತು ಸಹ ಇತ್ತು. ಆ ಮುಖವನ್ನು ಯಾರೂ ನೋಡಬಾರದು ಎಂದು ನೀನು ಬರೆದ ಪತ್ರ ನನ್ನ ಕೋಟಿನ ಜೇಬಿನಲ್ಲಿತ್ತು. ಮೂರು ಫಿಲ್ಮ್‌ಗಳಲ್ಲಿ ಆ ಚೌಕವನ್ನು ಕೆರೆದು ತೆಗೆಯಲು ಇಪ್ಪತ್ತು ನಿಮಿಷ ಸಾಕಿತ್ತು. ನಿಮ್ಮ ಕಚೇರಿಯ ಫೋನ್ ಸಂಖ್ಯೆ ಗೋಡೆಯ ಮೇಲಿತ್ತು. ಫೋನ್ ಎತ್ತಿದೆ. ನಾಲ್ಕು ಅಂಕಿ ತಿರುಗಿಸಿ ಇಟ್ಟುಬಿಟ್ಟೆ.

ಏನು ಹೇಳಲಿ ಎಂದು ಯೋಚಿಸಿದೆ. "ತಪ್ಪಾಗಿದೆ" ಎಂದು ಹೇಳಬೇಕಿತ್ತು. ನಾಲ್ಕು ವರ್ಷಗಳ ನಂತರ ನಾನು ನಿನಗೆ ಹೇಳುವ ಮೊದಲ ಮಾತು ಅದಾಗಿರುತ್ತಿತ್ತು. ನೀನು 'ಅಪ್ಪ' ಎಂದು ಬರೆದು ಆಗ ಆರು ದಿನವಾಗಿತ್ತು. ಹಾಗಾಗಿ ಲೆಕ್ಕ ಹಾಕಿದೆ: ಪತ್ರಿಕೆಯನ್ನು ಓರೆ ಹಿಡಿದು ನೋಡುವವರು ಎಷ್ಟು ಮಂದಿ, ಅವರಲ್ಲಿ ಆ ಮನುಷ್ಯನನ್ನು ಬಲ್ಲವರು ಎಷ್ಟು. ಸಂಭವ ಬಹಳ ಕಡಿಮೆ ಎಂಬ ಅಂದಾಜಿಗೆ ಬಂದೆ. ಒಬ್ಬ ಮನುಷ್ಯನ ಪ್ರಾಣವನ್ನು ನನ್ನ ಮಗಳ ಪತ್ರಗಳ ಎದುರಿಗಿಟ್ಟು ತೂಗಿದೆ. ತೂಕ ಎತ್ತ ಬಾಗಬೇಕೆಂದು ತೂಗುವ ಮೊದಲೇ ನಿರ್ಧರಿಸಿದ್ದೆ.

ಏಪ್ರಿಲಿನಲ್ಲಿ ನಿಯಮ ನನ್ನದು ಎಂದು ಬರೆದೆ. ಅದು ನಿಜ, ಆದರೆ ದೊಡ್ಡ ನಿಜವನ್ನು ಅಡಗಿಸಲು ಹೇಳಿದ ಸಣ್ಣ ನಿಜ. ಮೇ ತಿಂಗಳಲ್ಲಿ ನೀನು ಒಗ್ನ್ಯಾನ್‌ನನ್ನು ಕೊಲೆಗಾರ ಎಂದದ್ದನ್ನು ಓದಿದೆ. ನಾಲ್ಕು ತಿಂಗಳು ಅವನು ಅದನ್ನು ಹೊರಲು ಬಿಟ್ಟೆ. ಇದನ್ನು ಅವನಿಗೆ ಓದಿ ಹೇಳು. ಅವನು ತಿಳಿಯದೆ ಮಾಡಿದ. ನಿನ್ನ ಷರತ್ತಿನ ಹಿಂದೆಯೂ ನಾನು ಅಡಗಲಾರೆ. ಅದು ಅಲ್ಪವಿರಾಮಗಳ ಬಗ್ಗೆ ಇತ್ತು, ನಾನು ಅದನ್ನು ಅಪ್ಪಣೆ ಮಾಡಿಕೊಂಡೆ.

ಆ ಇಬ್ಬರಲ್ಲಿ ಒಬ್ಬ ನನ್ನನ್ನು ತಮ್ಮವನೆಂದು ಕರೆದ. ಹತ್ತೊಂಬತ್ತರಂದು ನಾನು ಹೇಳುವುದು ಉಸ್ತಾದರನ್ನು ಎಬ್ಬಿಸಲಾರದು. ಆ ಮಾತನ್ನಾದರೂ ಸುಳ್ಳು ಮಾಡಬೇಕಾಗಿದೆ.

ನೀನು ಬರಬೇಕೆಂದು ಕೇಳುವುದಿಲ್ಲ.

ಸ್ಪಾಸ್ ಕೆಹಾಯೊವ್


ತಂತಿ
ವಾರ್ನಾ, 16 ಸೆಪ್ಟೆಂಬರ್ 1996

ಕೆಹಾಯೊವ್, ರೂಸೆ

ಪತ್ರ ಒಗ್ನ್ಯಾನ್‌ಗೆ ಓದಿ ಹೇಳಿದೆ. ನಿಲ್ದಾಣಕ್ಕೆ ಅವನು ಬರುತ್ತಾನೆ. ನಾನು ಬರುವುದಿಲ್ಲ. ಬೆಳಗ್ಗೆ ಹತ್ತಕ್ಕೆ ನ್ಯಾಯಾಲಯದಲ್ಲಿ ಉಸ್ತಾದರ ಹೆಂಡತಿಯ ಗಾಲಿಕುರ್ಚಿಯ ಪಕ್ಕದಲ್ಲಿರುತ್ತೇನೆ. ಅವಳಿಗೆ ಕಿವಿ ಮಂದ. ಜೋರಾಗಿ ಹೇಳು.

ಯಾನಿತ್ಸಾ